ತಾತನ ಹೆಸರಿನಲ್ಲಿ ಹೋದ ಪತ್ರ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವ್ವ ಹೇಳುತ್ತಿದ್ದಳು. ನಾನದನ್ನು ಬಹಳ ವರ್ಷ ಹೊಗಳಿಕೆ ಎಂದೇ ತಿಳಿದಿದ್ದೆ. ತಪ್ಪು ಕಂಡರೆ ಸುಮ್ಮನಿರುವವಳಲ್ಲ, ಮುಖಕ್ಕೆ ಹೊಡೆದ ಹಾಗೆ ಮಾತಾಡುವವಳು ಎಂದು ಬೀಗುತ್ತಿದ್ದೆ. ಪಾಲಯ್ಯ ತಾತನ ವಿಷಯ ಆದ ಮೇಲೆ ಬೀಗುವುದು ನಿಂತಿತು. ಇಷ್ಟು ವರ್ಷ ಇದನ್ನು ಮನೆಯಲ್ಲಿ ಕೂಡ ಹೇಳಿಲ್ಲ, ಹೇಳಲು ನಾಚಿಕೆ.

ನನ್ನ ಹೆಸರು ಶಾಂತಕುಮಾರಿ. ನಗಬೇಡಿ, ಇಟ್ಟವಳು ನಮ್ಮಜ್ಜಿ. ಊರು ಮೊಳಕಾಲ್ಮೂರು. ಆಗ ಚಳ್ಳಕೆರೆಯಲ್ಲಿ ಪಾತಣ್ಣನವರ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಕೆಲಸಕ್ಕಿದ್ದೆ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಬರುವುದು, ಸಂಜೆ ಬಸ್ಸು ಹತ್ತಿ ಹೋಗುವುದು. ಪಾತಣ್ಣನವರು ಅರ್ಧದಷ್ಟು ಟೈಪ್‌ರೈಟರುಗಳನ್ನು ಮಾರಿ ನಾಲ್ಕು ಕಂಪ್ಯೂಟರ್ ತಂದು, ಹಳೆಯ ಬೋರ್ಡಿನ ಕೊನೆಗೆ ‘ಮತ್ತು ಇಂಟರ್‌ನೆಟ್’ ಎಂದು ಬರೆಸಿದ್ದರು. ಅವರಿಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು, ಕಂಪ್ಯೂಟರ್ ಮಾತ್ರ ಕಂಡರಾಗದು. ಹಾಗಾಗಿ ಆ ನಾಲ್ಕು ಯಂತ್ರಗಳಿಗೆ ನಾನೇ ರಾಣಿ.

ಫೋನಿನ ತಂತಿಯಲ್ಲಿ ಇಂಟರ್‌ನೆಟ್ ಬರುತ್ತಿದ್ದ ಕಾಲ ಅದು. ಲೈನ್ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಗಂಟೆಗಟ್ಟಲೆ ಕೀಚು ಕೀಚು. ಒಂದು ಪತ್ರಿಕೆಯ ಜೊತೆ ಪುಕ್ಕಟೆಯಾಗಿ ಬಂದ ಸಿ.ಡಿ.ಯಿಂದ ಲಿನಕ್ಸ್ ಎಂಬ ತಂತ್ರಾಂಶ ಹಾಕಿ, ಹಿಂದಿನ ಕೋಣೆಯ ಹಳೆಯ ಕಂಪ್ಯೂಟರನ್ನು ನಾನು ಮೇಲ್ ಸರ್ವರ್ ಮಾಡಿದೆ. ಜನ ನಿಧಾನವಾಗಿ ಕೂತು ಪತ್ರ ಬರೆಸಬಹುದು. ಸರ್ವರ್ ಅವನ್ನೆಲ್ಲ ಕೂಡಿಟ್ಟುಕೊಂಡು ದಿನಕ್ಕೆರಡು ಸಲ ಲೈನ್ ಸಿಕ್ಕಾಗ ಒಟ್ಟಿಗೆ ಕಳಿಸುತ್ತದೆ, ನಮ್ಮ ಇನ್‌ಸ್ಟಿಟ್ಯೂಟಿನ ವಿಳಾಸಕ್ಕೆ ಬಂದದ್ದನ್ನು ಹೊತ್ತು ತರುತ್ತದೆ. ಇದನ್ನು ಯಾರೂ ಹೇಳಿಕೊಡದೆ ಕಲಿತೆ ಎಂಬ ಜಂಬ ನನಗೆ ಬಹಳವಿತ್ತು.

ಸರ್ವರಿಗೆ ಒಂದು ಹೆಸರು ಕೊಡಬೇಕಿತ್ತು. ಯಜಮಾನರಿಗೆ ಖುಷಿಯಾಗಲಿ ಎಂದು ‘ಪಾತಣ್ಣ’ ಎಂದೇ ಇಟ್ಟೆ. ಪರೀಕ್ಷೆ ಮಾಡಲು ಮುಂದಿನ ಮೇಜಿನಿಂದ ಹಿಂದಿನ ಮೇಜಿಗೆ ಒಂದು ಮೇಲ್ ಕಳಿಸಿದೆ. ಅಲ್ಲಿಂದ ಉತ್ತರದ ಗುಂಡಿ ಒತ್ತಿದೆ. ಕಣ್ಣು ಮಿಟುಕಿಸುವುದರೊಳಗೆ ಉತ್ತರ ಮುಂದಿನ ಮೇಜಿಗೆ ಬಂತು. ಪಾತಣ್ಣನವರು ತಾವೇ ಹೋಗಿ ಎಲ್ಲರಿಗೂ ಮಂಡಕ್ಕಿ ಮಿರ್ಚಿ ಕಟ್ಟಿಸಿಕೊಂಡು ಬಂದರು.

ಇದಾದದ್ದು ಎರಡು ಸಾವಿರದ ಎರಡನೇ ಇಸವಿಯ ಸಂಕ್ರಾಂತಿ ಮುಗಿದ ಮೇಲೆ. ಅಲ್ಲಿಂದ ಮುಂದೆ ನಮ್ಮಲ್ಲಿಂದ ಹೋದ ಪತ್ರಗಳಲ್ಲಿ ಮುಕ್ಕಾಲು ಪಾಲು ಕೆಲಸದ ಅರ್ಜಿಗಳು. ಅರ್ಜಿಗೆ ಉತ್ತರ ಬರುವುದಿಲ್ಲ ಎಂಬುದು ನಮ್ಮ ಕಡೆಯ ಹುಡುಗರಿಗೆ ಹೊಸದಲ್ಲ, ಯಾರೂ ಕೇಳಲಿಲ್ಲ. ನಮ್ಮ ಕಾರ್ಡಿನಲ್ಲಿ ಅಚ್ಚಾಗಿದ್ದ ವಿಳಾಸ ನೋಡಿ ಹೊಸದಾಗಿ ಯಾರಾದರೂ ಬರೆದರೆ ಅದು ಸರಿಯಾಗಿ ಬಂದು ತಲುಪುತ್ತಿತ್ತು. ಹಾಗಾಗಿ ಏನೋ ಕೆಟ್ಟಿದೆ ಎಂದು ನನಗೆ ಅನ್ನಿಸಲೇ ಇಲ್ಲ.

ಪಾಲಯ್ಯ ತಾತ ಎಂದರೆ ದೊಡ್ಡಪಾಲಯ್ಯ. ವರವು ಕಾವಲ್ ಪಕ್ಕದ ಹಟ್ಟಿಯವನು. ಚಿಕ್ಕಂದಿನಿಂದ ಅರವತ್ತು ದಾಟುವವರೆಗೂ ಆ ಹುಲ್ಲುಗಾವಲಿನಲ್ಲಿ ದನ ಕಾದವನು. ಹಿಂದಿನ ಮಳೆಗಾಲದಲ್ಲಿ ಪುಣೆಯಿಂದ ಒಬ್ಬ ಮೇಡಂ ಹುಲ್ಲುಗಳ ಬಗ್ಗೆ ಪುಸ್ತಕ ಬರೆಯಲು ಬಂದು ಮೂರು ತಿಂಗಳು ಅವನ ಹಿಂದೆ ತಿರುಗಿದ್ದರು. ನಮಗೆಲ್ಲ ಹುಲ್ಲು ಎಂದರೆ ಹುಲ್ಲು. ತಾತ ಕರಡ ಯಾವುದು, ಗಂಜಿಗರಿಕೆ ಯಾವುದು, ಸೂಜಿಹುಲ್ಲು ಯಾವ ತಿಂಗಳವರೆಗೆ ದನದ ಬಾಯಿಗೆ ಹಿತ, ಯಾವಾಗ ಚುಚ್ಚುತ್ತದೆ ಎಂದು ನಲವತ್ತೊಂದು ಹುಲ್ಲುಗಳ ಹೆಸರು ಗುಣ ಹೇಳಿದ್ದನಂತೆ. ಮೇಡಂಗೆ ಅವನಿಟ್ಟ ಹೆಸರು ಹುಲ್ಲವ್ವ. ಹಟ್ಟಿಗೆ ಅಂಚೆಯವನು ಬರುವುದು ಅಪರೂಪವಾದ್ದರಿಂದ, ಅವರು ಹೊರಡುವಾಗ, ಸಂತೆಯ ದಿನ ನಮ್ಮಲ್ಲಿ ಅರ್ಜಿ ಬರೆಸಲು ಬರುತ್ತಿದ್ದ ತಾತ ನಮ್ಮ ಕಾರ್ಡು ಕೊಟ್ಟು, “ಇಲ್ಲಿಗೆ ಬರೀರಿ, ಶಾಂತಮ್ಮ ಓದಿ ಹೇಳ್ತೈತೆ” ಎಂದಿದ್ದ. ಅವನು ಅಷ್ಟು ನಂಬಿದ್ದು ನನ್ನನ್ನು.

ಮಾರ್ಚಿ ತಿಂಗಳಲ್ಲಿ ಮೇಡಂ ಇಂಗ್ಲಿಷಿನಲ್ಲಿ ಬರೆದ ಮೇಲ್ ಬಂತು. ತಾತ ಸಂತೆಗೆ ಬಂದಾಗ ಓದಿ ಹೇಳಿದೆ. ಪುಸ್ತಕ ಸಿದ್ಧವಾಗುತ್ತಿದೆ, ಹೊದಿಕೆಯ ಮೇಲೆ ತಮ್ಮ ಹೆಸರಿನ ಪಕ್ಕದಲ್ಲೇ ದೊಡ್ಡಪಾಲಯ್ಯನವರ ಹೆಸರು ಹಾಕಬೇಕೆಂದು ತಮ್ಮ ಆಸೆ, ಅವರು ಒಪ್ಪುತ್ತಾರೆಯೇ, ಹೆಸರನ್ನು ಹೇಗೆ ಬರೆಯಬೇಕು ಎಂದು ಕೇಳಿದ್ದರು. ತಾತ ತಲೆಯ ಟವಲ್ ಬಿಚ್ಚಿ ಮತ್ತೆ ಸುತ್ತಿಕೊಂಡ.

“ನಮ್ಮಪ್ಪನ ಹೆಸ್ರೂ ಹಾಕ್ತಾರೇನವ್ವ? ಹುಲ್ಲು ಹೇಳಿಕೊಟ್ಟೋನು ಅವನೇ.”

“ಹಾಕಿಸೋಣ ತಾತ. ಏನಂತ ಬರೀಲಿ?”

“ದೊಡ್ಡಬೋರಯ್ಯನ ಮಗ ದೊಡ್ಡಪಾಲಯ್ಯ ಅಂತ ಬರಿ. ನಾನು ಸತ್ತರೂ ಪುಸ್ತಕ ಇರ್ತೈತಲ್ಲ.”

ಹಾಗೇ ಬರೆದು ಕಳಿಸಿದೆ. ಅವನು ಅಂದೇ ಹಟ್ಟಿಗೆ ಹೋಗಿ ಎಲ್ಲರಿಗೂ ಹೇಳಿದ. ತಪ್ಪೇನಿಲ್ಲ, ನಾನಾಗಿದ್ದರೆ ಮೈಕಿನಲ್ಲಿ ಕೂಗಿಸುತ್ತಿದ್ದೆ.

ಮೇಡಂ ಮತ್ತೆ ಬರೆಯಲಿಲ್ಲ. ವಾರ ಕಳೆಯಿತು, ಎರಡು ವಾರ ಕಳೆಯಿತು. ತಾತ ಪ್ರತಿ ಸಂತೆಗೂ ಬಂದು ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, “ಹುಲ್ಲವ್ವಂದು ಜವಾಬು ಬಂತೇನವ್ವ?” ಎನ್ನುವನು. ನಾನು ಇಲ್ಲ ಎನ್ನುವೆನು. ನೆನಪಿಸಿ ಎರಡು ಸಲ ಬರೆದೆ. ಅದಕ್ಕೂ ಸುದ್ದಿಯಿಲ್ಲ. ಹಟ್ಟಿಯ ಪಡ್ಡೆಗಳು ಅವನನ್ನು ಆಡಿಕೊಳ್ಳಲು ಶುರುಮಾಡಿದ್ದರು. “ಏನಜ್ಜ, ಪುಸ್ತಕ ಬಂತಾ, ಇಲ್ಲ ದನ ಮೇಯ್ತಾ?” ಎನ್ನುತ್ತಾರಂತೆ. ಇದನ್ನು ಅವನು ನಗುತ್ತಲೇ ಹೇಳಿದ. ಆದರೆ ಅಂದು ಅವನು ನನ್ನ ಮುಖ ನೋಡದೆ ಫ್ಯಾನು ನೋಡುತ್ತಿದ್ದ.

ನನಗೆ ಮೈಯೆಲ್ಲ ಉರಿಯಿತು. “ಇವರ ಹಣೆಬರಹವೇ ಇಷ್ಟು ತಾತ,” ಎಂದೆ. “ಬರ್ತಾರೆ, ನಿಮ್ಮಂಥೋರ ಬಾಯಾಗಿರೋದನ್ನ ಬಾಚಿಕೊಂಡು ಹೋಗ್ತಾರೆ, ಆಮೇಲೆ ನೀವು ಯಾರೋ ಅವರು ಯಾರೋ.”

“ಆಯಮ್ಮ ಅಂಥೋಳಲ್ಲ ಬಿಡು,” ಎಂದ ತಾತ. ಆದರೆ ಮುಂಚಿನ ಗಟ್ಟಿತನ ಆ ಮಾತಿನಲ್ಲಿರಲಿಲ್ಲ. ನಾನು ಹೇಳಿದ್ದನ್ನು ಅವನು ಅರ್ಧ ನಂಬಿದ್ದ. ಅದು ಗೊತ್ತಾಗಿ ನನಗೆ ಇನ್ನಷ್ಟು ಹುರುಪು ಬಂತು.

ಅವನು ಹೋದ ಮೇಲೆ ನಾನು ಕೂತು ಮೇಡಂಗೆ ಒಂದು ಪತ್ರ ಬರೆದೆ. ಬೈಗುಳದ ಪತ್ರ. ನನ್ನ ಹೆಸರಿನಲ್ಲಲ್ಲ, ತಾತನ ಹೆಸರಿನಲ್ಲಿ. ಅವನು ಹೇಳಿರಲಿಲ್ಲ, ಕೇಳಿರಲಿಲ್ಲ, ಅವನಿಗೆ ಗೊತ್ತೂ ಇರಲಿಲ್ಲ. ಅವನ ಪರವಾಗಿ ನಾನಲ್ಲದೆ ಇನ್ಯಾರು ಮಾತಾಡಬೇಕು ಎಂಬುದು ನನ್ನ ವಾದ. ಸಾಯಂಕಾಲದ ಲೈನಿಗೆ ಪತ್ರ ಹೋಯಿತು. ಅಂದು ಬಸ್ಸಿನಲ್ಲಿ ಮೊಳಕಾಲ್ಮೂರಿನವರೆಗೂ ನಿಂತೇ ಹೋದೆ, ಆಯಾಸವೇ ಆಗಲಿಲ್ಲ. ಆ ಖುಷಿಯನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಮೇ ತಿಂಗಳ ಕೊನೆಗೆ ತಾತ ಕೇಳುವುದನ್ನು ನಿಲ್ಲಿಸಿದ. ಸಂತೆಗೆ ಬಂದರೂ ನಮ್ಮ ಬಾಗಿಲಿಗೆ ಬರುತ್ತಿರಲಿಲ್ಲ.

ಜೂನಿನಲ್ಲಿ ನಮ್ಮೂರಿನ ಗೀತಮ್ಮ ಬಂದಳು. ಮನೆಯಲ್ಲೇ ಮಗ್ಗ ಇಟ್ಟುಕೊಂಡು ರೇಷ್ಮೆ ಸೀರೆ ನೇಯಿಸುವವಳು, ಹುಬ್ಬಳ್ಳಿಯ ಒಂದು ಅಂಗಡಿಗೆ ನಮ್ಮಲ್ಲಿಂದಲೇ ಮೇಲ್ ಬರೆಸುತ್ತಿದ್ದಳು. ಒಳಗೆ ಕಾಲಿಡುವಾಗಲೇ ಶುರುಮಾಡಿದಳು. “ಏನಮ್ಮಾ ಶಾಂತಾ, ನಿನ್ನ ಮೇಲ್‌ಗೆ ಅವರು ನಾಲ್ಕು ಸಲ ಉತ್ತರ ಕಳಿಸವ್ರಂತೆ, ನಾಲ್ಕೂ ವಾಪಸ್ ಬಂದವಂತೆ. ಅಂಥ ಊರೇ ಇಲ್ಲ ಅಂತ ಬರ್ತೈತಂತೆ. ಫೋನ್ ಮಾಡಿ ನನ್ನ ಬೈತಾವ್ರೆ.” ಒಂದು ಚೀಟಿಯಲ್ಲಿ ವಾಪಸು ಬಂದ ವಿಳಾಸವನ್ನು ಬರೆದುಕೊಂಡು ಬಂದಿದ್ದಳು. ವಿಳಾಸದ ಕೊನೆಯಲ್ಲಿ ‘ಪಾತಣ್ಣ’ ಎಂದಿತ್ತು.

ನೋಡಿದ ಕೂಡಲೇ ತಿಳಿಯಿತು. ಹೊರಗೆ ಹೋಗುವ ಪತ್ರದ ಮೇಲೆ ಕಳಿಸಿದವರ ವಿಳಾಸ ಹಾಕುವುದು ಸರ್ವರಿನ ಕೆಲಸ. ಯಾವ ವಿಳಾಸ ಹಾಕಬೇಕೆಂದು ನಾವು ಹೇಳಬೇಕು. ಹೇಳದಿದ್ದರೆ ಅದು ತನ್ನ ಸ್ವಂತ ಹೆಸರನ್ನೇ ಹಾಕಿ ಕಳಿಸುತ್ತದೆ. ನಮ್ಮ ನಾಲ್ಕು ಗೋಡೆಯೊಳಗೆ ಪಾತಣ್ಣ ಎಂದರೆ ಯಾರೆಂದು ಎಲ್ಲ ಯಂತ್ರಕ್ಕೂ ಗೊತ್ತು; ಅದಕ್ಕೇ ಅಂದು ಮೇಜಿನಿಂದ ಮೇಜಿಗೆ ಉತ್ತರ ಓಡಿ ಬಂದದ್ದು. ಹೊರಗಿನ ಜಗತ್ತಿನಲ್ಲಿ ಆ ಹೆಸರಿನ ಸ್ಥಳವೇ ಇಲ್ಲ. ಐದು ತಿಂಗಳು ನಮ್ಮ ಪತ್ರಗಳು ಹೊರಗೆ ಹೋಗಿದ್ದವು, ಅವಕ್ಕೆ ಯಾರೂ ಉತ್ತರ ಕೊಡಲಾಗದ ಹಾಗೆ ನಾನು ಮಾಡಿಟ್ಟಿದ್ದೆ.

ಸರಿಪಡಿಸಲು ಹತ್ತು ನಿಮಿಷ ಸಾಕಾಯಿತು. ಸರ್ವರಿಗೆ ಆಜ್ಞೆ ಕೊಡುವ ಕಡತದಲ್ಲಿ ಬೇಕಾದ ಸಾಲು ಮೊದಲೇ ಇತ್ತು, ಅದನ್ನು ಗಣಿಸಬೇಡ ಎನ್ನುವ ಗುರುತು ಅದರ ಮುಂದಿತ್ತು. ಗುರುತು ಅಳಿಸಿ, ಕಾರ್ಡಿನಲ್ಲಿದ್ದ ವಿಳಾಸ ತುಂಬಿಸಿದೆ. ಗೀತಮ್ಮನಿಗೆ “ಲೈನ್ ಪ್ರಾಬ್ಲಂ ಇತ್ತು” ಎಂದೆ. ಪಾತಣ್ಣನವರಿಗೂ ಅದನ್ನೇ ಹೇಳಿದೆ.

ಆಮೇಲೆ ಹಿಂದಿನ ಕೋಣೆಗೆ ಹೋಗಿ ಕೂತೆ. ಪುಣೆಯ ಮೇಡಂ ಉತ್ತರ ಬರೆದಿದ್ದಾರೆ. ಬರೆದೇ ಇರುತ್ತಾರೆ. ಅವರಿಗೆ ಅವು ವಾಪಸು ಹೋಗಿವೆ, ಬದಲಿಗೆ ನನ್ನ ಬೈಗುಳ ತಲುಪಿದೆ. ಆಗಲೇ ಬರೆಯಬೇಕಿತ್ತು. ಬರೆಯಲು ಕೂತೆ ಕೂಡ. ತಪ್ಪು ನನ್ನ ಸರ್ವರಿನದು ಎಂದು ಬರೆಯುವುದು ಕಷ್ಟವಿರಲಿಲ್ಲ. ಆದರೆ ಆ ಪತ್ರ ತಾತನದಲ್ಲ, ನಾನು ಅವನ ಹೆಸರು ಕದ್ದು ಬರೆದದ್ದು ಎಂದು ಹೇಳದೆ ಏನೂ ಸರಿಹೋಗುವಂತಿರಲಿಲ್ಲ. ಮೂರು ಸಾಲು ಬರೆದು ಅಳಿಸಿದೆ. ನಾಳೆ ಬರೆದರಾಯಿತು ಎಂದುಕೊಂಡೆ. ಜುಲೈ ಹಾಗೇ ಹೋಯಿತು, ಆಗಸ್ಟೂ ಹೋಯಿತು. ಊರಿನವರ ತಪ್ಪನ್ನೆಲ್ಲ ಬೀದಿಯಲ್ಲಿ ನಿಂತು ಹೇಳುವವಳಿಗೆ ತನ್ನದೊಂದನ್ನು ಬಾಗಿಲು ಹಾಕಿಕೊಂಡು ಬರೆಯಲೂ ಆಗಲಿಲ್ಲ.

ಅಕ್ಟೋಬರಿನಲ್ಲಿ ಅಂಚೆಯಲ್ಲಿ ಪುಸ್ತಕ ಬಂತು. ‘ಶ್ರೀ ದೊಡ್ಡಪಾಲಯ್ಯ, ಪಾತಣ್ಣ ಟೈಪಿಂಗ್ ಇನ್‌ಸ್ಟಿಟ್ಯೂಟ್, ಚಳ್ಳಕೆರೆ’ ಎಂದು ಮೇಲೆ ಬರೆದಿತ್ತು. ಬಿಚ್ಚುವ ಹಕ್ಕು ನನಗಿರಲಿಲ್ಲ, ಬಿಚ್ಚಿದೆ. ಹೊದಿಕೆಯ ಮೇಲೆ ಒಂದೇ ಹೆಸರಿತ್ತು. ಒಳಗೆ ಇಂಗ್ಲಿಷಿನಲ್ಲಿ ಹೀಗೆ ಅಚ್ಚಾಗಿತ್ತು: ‘ಇಲ್ಲಿನ ಸ್ಥಳೀಯ ಹೆಸರುಗಳನ್ನೆಲ್ಲ ಹೇಳಿದವರು ಒಬ್ಬ ಹಿರಿಯ ದನಗಾಹಿ. ತಮ್ಮ ಹೆಸರು ಬೇಡವೆಂದು ಅವರು ತಿಳಿಸಿರುವುದರಿಂದ ಅದನ್ನು ಇಲ್ಲಿ ಕಾಣಿಸಿಲ್ಲ.’ ಜೊತೆಗೆ ಕೈಬರಹದ ಒಂದು ಚೀಟಿ. ಹೊದಿಕೆಯ ಮೇಲೆ ಹೆಸರು ಹಾಕಲು ನಿಮ್ಮ ಹೆಬ್ಬೆಟ್ಟಿನ ಒಪ್ಪಿಗೆ ಬೇಕಿತ್ತು, ಅದನ್ನು ಕೇಳಿ ಬರೆದ ಮೇಲ್ ಮೂರು ಸಲ ವಾಪಸು ಬಂತು, ಅಂಚೆಗೆ ಹಾಕಬೇಕೆನ್ನುವಷ್ಟರಲ್ಲಿ ನಿಮ್ಮ ಕೊನೆಯ ಪತ್ರ ಸಿಕ್ಕಿತು, ಬರೆಯಬೇಡಿ ಎಂದಿರಿ, ಅದಕ್ಕೇ ಬರೆಯಲಿಲ್ಲ, ನಿಮಗೆ ನೋವಾಗಿದ್ದರೆ ಕ್ಷಮಿಸಿ ಎಂದಿತ್ತು. ಪುಸ್ತಕ ಅಚ್ಚಾದ ತಿಂಗಳು ನೋಡಿದೆ. ಆಗಸ್ಟ್. ಜೂನಿನಲ್ಲಿ ನಾನು ಬರೆದಿದ್ದರೆ ತಾತನ ಹೆಸರು ಅಲ್ಲಿರುತ್ತಿತ್ತು.

ಮರುದಿನ ಕುದಾಪುರದ ಬಸ್ಸು ಹತ್ತಿ, ಅಲ್ಲಿಂದ ನಡೆದು ಹಟ್ಟಿಗೆ ಹೋದೆ. ತಾತ ಮನೆಯ ಮುಂದೆ ಹಗ್ಗ ಹೊಸೆಯುತ್ತಿದ್ದ. ಅವನ ಹೆಂಡತಿ ಬೋರಕ್ಕ ನನಗೆ ಮಣೆ ಹಾಕಿ ಮಜ್ಜಿಗೆ ತಂದಳು. ಪುಸ್ತಕ ಕೊಟ್ಟೆ. ಅವನು ಕೈ ಒರೆಸಿಕೊಂಡು ತೆಗೆದುಕೊಂಡ. ಓದು ಬಾರದವನು ಚಿತ್ರಗಳನ್ನು ನೋಡುತ್ತ ಹಾಳೆ ತಿರುಗಿಸಿದ. “ಇದು ಗಂಜಿಗರಿಕೆ. ತೆನೆ ಎಷ್ಟು ಚಂದ ಬರೆದೈತೆ ನೋಡು. ಇದು ಹಂಚಿಹುಲ್ಲು. ಬೋರೀ, ಇಲ್ಲಿ ಬಾ, ನೋಡಿಲ್ಲಿ.” ಕೊನೆಗೆ ಹೊದಿಕೆಗೆ ಬಂದು ಅಕ್ಷರಗಳ ಮೇಲೆ ಬೆರಳಿಟ್ಟ. “ಇದ್ರಾಗೆ ನಂದು ಯಾವುದವ್ವ?”

ಸುಳ್ಳು ಹೇಳಬಹುದಿತ್ತು. ಮೇಡಂ ಹೆಸರನ್ನೇ ತೋರಿಸಿ ಇದೇ ನಿನ್ನದು ಎಂದಿದ್ದರೆ ಆ ಹಟ್ಟಿಯಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಯೋಚನೆ ಬಂತು ಎಂಬುದನ್ನೂ ಹೇಳಿಬಿಡುತ್ತೇನೆ. ಆದರೆ ಬೋರಕ್ಕ ಸೆರಗಿನಿಂದ ಪುಸ್ತಕದ ಅಂಚು ಒರೆಸುತ್ತಿದ್ದಳು, ನನ್ನ ಕೈಲಾಗಲಿಲ್ಲ.

“ನಿನ್ನ ಹೆಸ್ರು ಇಲ್ಲ ತಾತ,” ಎಂದೆ. ಅಲ್ಲಿಂದ ಎಲ್ಲ ಹೇಳಿದೆ. ಸರ್ವರಿನದು, ವಾಪಸಾದ ಉತ್ತರಗಳದು, ನಾನು ಬರೆದ ಪತ್ರದ್ದು, ಜೂನಿನಲ್ಲೇ ಗೊತ್ತಾಗಿಯೂ ಬಾಯಿ ಮುಚ್ಚಿಕೊಂಡಿದ್ದು.

ತಾತ ಪುಸ್ತಕ ಮುಚ್ಚಿ ತೊಡೆಯ ಮೇಲಿಟ್ಟುಕೊಂಡ. ಸರ್ವರಿನ ಮಾತು ಅವನು ತಲೆಗೆ ಹಾಕಿಕೊಳ್ಳಲೇ ಇಲ್ಲ.

“ನನ್ ಹೆಸ್ರಾಗೆ ಏನಂತ ಬರೆದಿದ್ದೆ? ಹೇಳು.”

“ಬ್ಯಾಡ ತಾತ.”

“ನಾನು ಆಡಿದ ಮಾತು ನಂಗೆ ಗೊತ್ತಿರಬ್ಯಾಡ್ವಾ? ಹೇಳು.”

ಒಂದಕ್ಷರವೂ ಮರೆತಿರಲಿಲ್ಲ. ತಲೆ ತಗ್ಗಿಸಿ ಕನ್ನಡದಲ್ಲಿ ಹೇಳಿದೆ. “ಮೂರು ತಿಂಗಳು ನನ್ನ ಮನೆ ಮುದ್ದೆ ಉಂಡು ನನ್ನನ್ನೇ ದೋಚಿದಿರಿ. ನಿಮ್ಮಂಥವರು ಬಡವರ ಬಾಯಿಂದ ಕಿತ್ತುಕೊಂಡು ಹೊಟ್ಟೆ ಹೊರೆಯುವವರು. ನಿಮಗೆ ಹಾಕಿದ ಅನ್ನ ದನಕ್ಕೆ ಹಾಕಿದ್ದರೆ ಪುಣ್ಯವಾದರೂ ಬರುತ್ತಿತ್ತು. ನನ್ನ ಹೆಸರು ಎತ್ತಬೇಡಿ, ಇನ್ನು ನನಗೆ ಬರೆಯಬೇಡಿ.”

ಬೋರಕ್ಕ ‘ಅಯ್ಯೋ ಶಿವನೇ’ ಎಂದು ಬಾಯಿಗೆ ಕೈ ಅಡ್ಡ ಹಿಡಿದಳು. “ಉಂಡ ಅನ್ನ ಎಣಿಸಿ ಹೇಳಿದ್ವಾ ನಾವು? ಆ ಮಗೀಗೆ ನಾನೇ ಕೈಯಾರೆ ಬಡಿಸೀನಿ,” ಎಂದಳು. ತಾತ ನನ್ನನ್ನು ಬೈಯಲಿಲ್ಲ. ಆ ಮಾತುಗಳನ್ನು ನಿಜವಾಗಿ ಆಡಿದವನು ತಾನೇ ಎಂಬಂತೆ ನೆಲ ನೋಡುತ್ತ ಕೂತಿದ್ದ. ಅದನ್ನು ನೋಡುವುದಕ್ಕಿಂತ ಅವನು ಎದ್ದು ಎರಡು ಏಟು ಹಾಕಿದ್ದರೆ ಚೆನ್ನಾಗಿತ್ತು.

“ಹೆಸ್ರು ಹೋದ್ರೆ ಹೋಗ್ಲಿ ತಾಯಿ,” ಎಂದ ಕೊನೆಗೆ. “ನಮ್ಮಪ್ಪನ ಹೆಸ್ರೂ ಹೋಯ್ತು, ಹೋಗ್ಲಿ. ಆಯಮ್ಮ ಈಸು ದಿನ ನನ್ನ ಬಾಯಿ ಅಂಥಾದ್ದು ಅಂದ್ಕೊಂಡೈತಲ್ಲ. ನಾನೂ ನಿನ್ ಮಾತು ಕೇಳಿ ಆಯಮ್ಮನ್ನ ಕೆಟ್ಟೋಳು ಅಂದ್ಕೊಂಡೆ. ನಾಳೆ ಬರ್ತೀನಿ. ನನ್ ಮುಂದೆ ಕೂತು ಬರಿ. ನಿನ್ ಹೆಸ್ರಾಗೆ ಬರಿ.”

ಮರುದಿನ ಬೆಳಿಗ್ಗೆ ಅವನು ಬಂದ. ಪಾತಣ್ಣನವರಿಗೂ ಎಲ್ಲ ಹೇಳಬೇಕಾಯಿತು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದು ಬರೆದವಳು ಶಾಂತಕುಮಾರಿ ಎಂಬ ನಾನು, ದೊಡ್ಡಪಾಲಯ್ಯನವರಿಗೆ ಅದು ಗೊತ್ತೇ ಇರಲಿಲ್ಲ ಎಂದು ಮೊದಲ ಸಾಲಿನಲ್ಲೇ ಬರೆದೆ. ಒಂದೊಂದು ಸಾಲನ್ನೂ ತಾತನಿಗೆ ಕನ್ನಡದಲ್ಲಿ ಹೇಳಿದೆ. ಅವನು ಹೂಂ ಎಂದ ಮೇಲೆ ಮುಂದಿನದನ್ನು ಬರೆದೆ. ಲೈನ್ ಸಿಕ್ಕಿ ಪತ್ರ ಹೋಗುವವರೆಗೂ ಅವನು ಸ್ಟೂಲಿನಿಂದ ಏಳಲಿಲ್ಲ.

“ಇದಕ್ಕೆ ಜವಾಬು ಬರ್ತೈತಾ?”

“ಬರ್ತೈತೆ ತಾತ. ಈಗ ವಿಳಾಸ ಸರಿ ಮಾಡೀನಿ.”

“ಬಂದ್ರೆ ನೀನು ಓದಬ್ಯಾಡ ತಾಯಿ. ಪಾತಣ್ಣಾರ ಕೈಲಿ ಓದಿಸ್ಕೊಂತೀನಿ.”

ಕೋಪದಲ್ಲಿ ಹೇಳಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನ ದನಿಯಲ್ಲಿ ಕೋಪವೇ ಇರಲಿಲ್ಲ. ನಾನು ಆಗಲಿ ತಾತ ಎಂದೆ.

ಎರಡೇ ದಿನಕ್ಕೆ ಉತ್ತರ ಬಂತು. ಪಾತಣ್ಣನವರಿಗೆ ತೆರೆಯುವುದು ಹೇಗೆಂದು ಮೊದಲೇ ಹೇಳಿಕೊಟ್ಟಿದ್ದೆ. ಸಂತೆಯ ದಿನ ತಾತ ಬಂದಾಗ ನಾನು ಎದ್ದು ಹಿಂದಿನ ಕೋಣೆಗೆ ಹೋದೆ. ಗೋಡೆಯಾಚೆ ಪಾತಣ್ಣನವರು ನಿಧಾನವಾಗಿ ಓದಿ ಕನ್ನಡದಲ್ಲಿ ಹೇಳುತ್ತಿದ್ದರು, ಒಂದು ಪದವೂ ಸರಿಯಾಗಿ ಕೇಳುತ್ತಿರಲಿಲ್ಲ. ನಡುವೆ ಒಮ್ಮೆ ತಾತ ಜೋರಾಗಿ ನಕ್ಕ. ಓದಿ ಮುಗಿದ ಮೇಲೆ ಅವನು ಚಪ್ಪಲಿ ಮೆಟ್ಟಿಕೊಂಡು ಹೋದದ್ದು ಕೇಳಿಸಿತು. ಮೇಡಂ ಏನು ಬರೆದಿದ್ದರು ಎಂದು ಪಾತಣ್ಣನವರು ಹೇಳಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ.